ಕಿಸೆ ಸೇರುತ್ತಿರುವ ದಂಡೆ

ನಮ್ಮ ಕಡೆಯ ತುಳಸಿಗೇರಿಯ ಎರಿ ಹೊಲ ಬೇಸಿಗೆಯಲ್ಲಿ ಬಿರಿಯುವುದನ್ನು ಕಂಡವರಿಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಹೇಗಾದವೆಂದು ಬೇರೆ ವಿವರಿಸಬೇಕಿಲ್ಲ. ಹಸಿ ಆರಿದಂತೆ ಮಣ್ಣು ಕುಗ್ಗುತ್ತದೆ, ಕುಗ್ಗಿದ್ದು ಸೀಳುತ್ತದೆ, ಸೀಳುಗಳು ಒಂದಕ್ಕೊಂದು ಕೂಡಿ ಐದು ಮೂಲೆ, ಆರು ಮೂಲೆಯ ಹೆಂಟೆಗಳಾಗುತ್ತವೆ. ಅಲ್ಲಿಯೂ ಆದದ್ದು ಇಷ್ಟೇ. ಮಣ್ಣಿನ ಬದಲು ಲಾವಾ, ಹಸಿಯ ಬದಲು ಕಾವು. ಲಾವಾ ತಣ್ಣಗಾಗುತ್ತ ಸೀಳು ಆಳಕ್ಕಿಳಿದು, ಬಂಡೆಯೆಲ್ಲ ನಿಲ್ಲಿಸಿಟ್ಟ ಪೆನ್ಸಿಲ್ ಕಟ್ಟಿನಂತಾಯಿತು. ಇದು ನಡೆದು ಸುಮಾರು 8.5ರಿಂದ 9 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲ ಅದು. ಎಲ್ಲರೂ ಬಸಾಲ್ಟ್ ಅನ್ನುತ್ತಾರೆ. ಅಸಲಿಗೆ ಅದು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಜಾತಿಯ ಕಲ್ಲು. ಈ ದ್ವೀಪಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸ್ಮಾರಕ ಅಂದೊಡನೆ ದೊಡ್ಡದೆಂದುಕೊಳ್ಳಬೇಡಿ. ಮುಖ್ಯ ನಾಲ್ಕು ದ್ವೀಪಗಳಲ್ಲಿ ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು ಅರ್ಧ ಕಿಲೋಮೀಟರ್ ಉದ್ದ, 100 ಮೀಟರ್ ಅಗಲ. ತುಳಸಿಗೇರಿಯ ಹನುಮಪ್ಪನ ಜಾತ್ರೆಯ ಮಂದಿಯನ್ನು ತಂದು ನಿಲ್ಲಿಸಿದರೆ ಕಾಲಿಡಲು ಜಾಗ ಉಳಿಯಲಿಕ್ಕಿಲ್ಲ. ಸಮುದ್ರಮಟ್ಟದಿಂದ ದ್ವೀಪದ ಗರಿಷ್ಠ ಎತ್ತರ ಸುಮಾರು 10 ಮೀಟರ್.

ಈಗ ಸಮುದ್ರದ ಲೆಕ್ಕ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯಂತೆ 1901ರಿಂದ 1971ರವರೆಗೆ ಜಾಗತಿಕ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 1.3 ಮಿಲಿಮೀಟರ್ ಏರಿತು. 2006ರಿಂದ 2018ರ ನಡುವೆ ಏರಿಕೆ ವರ್ಷಕ್ಕೆ 3.7 ಮಿಲಿಮೀಟರ್. ಹೊಗೆ ಉಗುಳುವುದನ್ನು ಕೂಡಲೇ ತಗ್ಗಿಸಿದರೂ ಈ ಶತಮಾನದ ಕೊನೆಗೆ 28ರಿಂದ 55 ಸೆಂಟಿಮೀಟರ್, ತಗ್ಗಿಸದೆ ಹೆಚ್ಚಿಸುತ್ತ ಹೋದರೆ 63 ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗೆ ಏರಬಹುದು. 10 ಮೀಟರ್ ಎತ್ತರದ ಬಂಡೆ ಇದರಿಂದ ಮುಳುಗುವುದಿಲ್ಲ. ದ್ವೀಪವೇ ಮಾಯವಾಗುತ್ತದೆಂದು ಹೆದರಿಸುವವರನ್ನು ನಾನು ನಂಬುವುದಿಲ್ಲ.

ಹೋಗುವುದು ದಂಡೆ. ಇಳಿಜಾರು 20 ಮೀಟರಿಗೆ ಒಂದು ಮೀಟರ್ ಇದೆ ಎಂದಿಟ್ಟುಕೊಳ್ಳಿ. ನೀರು ಅರ್ಧ ಮೀಟರ್ ಏರಿದರೆ ಅಂಚು 10 ಮೀಟರ್ ಒಳಗೆ ಸರಿಯುತ್ತದೆ. ಒಟ್ಟು ಅಗಲವೇ 100 ಮೀಟರ್ ಇದ್ದಲ್ಲಿ ಇದು ಸಣ್ಣ ಮಾತಲ್ಲ. ಆ ದಂಡೆಯಾದರೂ ಬರೀ ಮರಳಿನದಲ್ಲ, ಕಪ್ಪೆಚಿಪ್ಪು, ಶಂಖ, ಅವುಗಳ ಚೂರುಗಳದು. ಒಂದೊಂದು ಚಿಪ್ಪೂ ಒಂದು ಜೀವ ಬೆಳೆದು, ಸತ್ತು, ಅಲೆಯ ಕೈಯಲ್ಲಿ ಬಂದು ಬಿದ್ದದ್ದು. ಅಲೆಯ ಹೊಡೆತವನ್ನು ಮೊದಲು ತಿನ್ನುವುದು ಈ ಸಡಿಲ ರಾಶಿಯೇ. ಅದು ತೆಳುವಾದಷ್ಟೂ ಅಲೆ ನೇರವಾಗಿ ಕಂಬದ ಬುಡಕ್ಕೆ ಬಡಿಯುತ್ತದೆ. ಕಂಬವನ್ನು ಕಂಬವಾಗಿಸಿದ ಸೀಳೇ ಅದರ ದೌರ್ಬಲ್ಯ: ಏಕಶಿಲೆಯನ್ನು ಸಮುದ್ರ ಸವೆಸಬೇಕು, ಸೀಳಿದ ಕಲ್ಲನ್ನು ಕಿತ್ತರೆ ಸಾಕು.

ಕೀಳುವ ಬಲವೂ ಹೆಚ್ಚುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ. ಮೊದಲೆಲ್ಲ ಚಂಡಮಾರುತವೆಂದರೆ ಬಂಗಾಳ ಕೊಲ್ಲಿಯ ಸೊತ್ತು ಎಂಬಂತೆ ನಾವಿದ್ದೆವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಉಡುಪಿಯ ತೀರವನ್ನು ಬಡಿದು ಹೋಯಿತು. 2017ರ ಓಖಿ ಬಂದದ್ದು ನವೆಂಬರ್ ಕೊನೆಯಲ್ಲಿ, 2019ರ ಕ್ಯಾರ್ ಅಕ್ಟೋಬರ್‌ನಲ್ಲಿ. ಈ ಕೊನೆಯ ಎರಡರ ತಿಂಗಳುಗಳನ್ನು ಗಮನಿಸಿ: ಮಳೆ ಮುಗಿದು ದೋಣಿಗಳು ಮತ್ತೆ ಹೊರಡುವ, ನಮ್ಮ ಶಾಲೆಗಳು ಪ್ರವಾಸದ ಬಸ್ಸು ಗೊತ್ತುಮಾಡುವ ತಿಂಗಳುಗಳೇ ಅವು. ಗಾಳಿ ಇಲ್ಲದಾಗಲೂ ಅಲ್ಲಿನ ಬಂಡೆ ಜಾರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದರು.

ಸಮುದ್ರ ಒಂದು ಕಡೆಯಿಂದ ಒಯ್ಯುತ್ತಿರುವಾಗ ನಾವು ಇನ್ನೊಂದು ಕಡೆಯಿಂದ ಒಯ್ಯುತ್ತೇವೆ. ನನ್ನ ಮನೆಯ ಗಾಜಿನ ಕಪಾಟಿನಲ್ಲೂ ಅಲ್ಲಿಂದ ತಂದ ಒಂದು ಹಿಡಿ ಚಿಪ್ಪು ಇದೆ. ತಂದಾಗ ಹೆಮ್ಮೆ ಇತ್ತು. ಒಬ್ಬನ ಹಿಡಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಒಬ್ಬೊಬ್ಬರು 50 ಗ್ರಾಂ ಒಯ್ದರೂ ಲಕ್ಷ ಮಂದಿಗೆ ಐದು ಟನ್ ಆಗುತ್ತದೆ. ಬದಾಮಿಯ ಮರಳುಗಲ್ಲಿನ ಮೇಲೆ ಹೆಸರು ಕೆತ್ತಿದವರೂ ಒಬ್ಬೊಬ್ಬರೇ ಕೆತ್ತಿದ್ದರು.

ದ್ವೀಪಕ್ಕೆ ಒಂದು ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬೇಕು. ಚಿಪ್ಪಿನ ದಂಡೆಯನ್ನು ಪ್ರತಿವರ್ಷ ಮಳೆಗಾಲದ ಮುಂಚೆ, ನಂತರ ಅಳೆದು ಅಂಕಿಯನ್ನು ಮಲ್ಪೆಯ ದೋಣಿಕಟ್ಟೆಯಲ್ಲೇ ಬರೆದು ಹಾಕಬೇಕು. ಅದು ಸರ್ಕಾರದ ಕೆಲಸ. ನಮ್ಮ ಕಡೆಯ ಮಾಸ್ತರರಿಗೆ ನನ್ನದೊಂದು ವಿನಂತಿ: ವಾಪಸು ದೋಣಿ ಹತ್ತುವ ಮುಂಚೆ ಮಕ್ಕಳ ಕಿಸೆ ಒಮ್ಮೆ ನೋಡಿರಿ.