ಬೀಗದ ಕೈ ಯಾರ ಸೊಂಟದಲ್ಲಿ?

ಅಂಗಡಿ ಬಾಗಿಲು ತೆಗೆಯೋ ಮುಂಚೆಯೇ ಮಕ್ಕಳು ಮೈದಾನ ಸೇರಿರುತ್ತಾರೆ. ಕೋಲಾರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಮೈದಾನ, ಶಾಲೆ ಅಂಗಳ. ಓಟ, ಕಬಡ್ಡಿ, ಖೊಖೊ, ವಾಲಿಬಾಲ್. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ. ಬ್ಯಾಗು ಹೆಗಲಿಗೇರಿಸಿ ಮೇಷ್ಟ್ರ ಹಿಂದೆ ಬಸ್ ಹತ್ತುವ ಹುಡುಗಿಯರನ್ನು ಕಂಡರೆ ಪಕ್ಕದ ಸೀಟಿನವರಿಗೂ ಹೆಮ್ಮೆ. "ನಮ್ಮೂರಿಗೆ ಹೆಸರು ತರ್ತಾವೆ ಬಿಡಿ" ಅನ್ನುತ್ತಾರೆ.

ಸರಿ. ಅದೇ ಹುಡುಗಿ ಆರು ತಿಂಗಳಾದ ಮೇಲೆ "ನಾನಿನ್ನು ಆಟಕ್ಕೆ ಹೋಗಲ್ಲಮ್ಮ" ಅಂದರೆ? ಸೋಮಾರಿ ಆದಳು ಅಂತಾರೆ ಮನೆಯವರು. ಪರೀಕ್ಷೆ ಬಂತಲ್ಲ ಅಂತಾರೆ ನೆರೆಯವರು. ನಿಜವಾದ ಕಾರಣ ಕೇಳುವವರು ಕಡಿಮೆ. ಅವಳಿಗೆ ಹೇಳಬೇಕು ಅನ್ನಿಸಿದರೂ ಹೇಳೋದು ಯಾರ ಹತ್ತಿರ? ತಂಡಕ್ಕೆ ಆರಿಸುವವರು ಅವರೇ, ಸರ್ಟಿಫಿಕೇಟಿಗೆ ಸಹಿ ಹಾಕುವವರು ಅವರೇ, ದೂರು ಕೇಳುವವರೂ ಅವರೇ!

ಎಲ್ಲ ತರಬೇತುದಾರರೂ ಹಾಗಲ್ಲ. ಸ್ವಂತ ಜೇಬಿನಿಂದ ಬಾಳೆಹಣ್ಣು, ಬೂಟು ಕೊಡಿಸಿ ಮಕ್ಕಳನ್ನು ಮೇಲಕ್ಕೆ ತಂದ ಮೇಷ್ಟ್ರುಗಳು ನಾಲ್ಕೂ ಊರಲ್ಲಿದ್ದಾರೆ. ಅಂಥವರ ಮರ್ಯಾದೆ ಉಳಿಯಬೇಕಾದರೂ ಒಂದು ವ್ಯವಸ್ಥೆ ಬೇಕು.

ಹತ್ತೊಂಬತ್ತು ವರ್ಷದ ಅಲೆದಾಟ

1990ರ ಆಗಸ್ಟ್. ಹರಿಯಾಣದ ಪಂಚಕುಲ. 14 ವರ್ಷದ ಟೆನ್ನಿಸ್ ಆಟಗಾರ್ತಿಗೆ ಕಿರುಕುಳ ಕೊಟ್ಟವನು ಬೀದಿಯ ಪುಂಡನಲ್ಲ. ರಾಜ್ಯದ ಲಾನ್ ಟೆನ್ನಿಸ್ ಸಂಸ್ಥೆಯ ಅಧ್ಯಕ್ಷ ಎಸ್.ಪಿ.ಎಸ್. ರಾಥೋಡ್, ಮೇಲಾಗಿ ದೊಡ್ಡ ಪೊಲೀಸ್ ಅಧಿಕಾರಿ. ದೂರು ಕೊಟ್ಟ ಮೇಲೆ ಹುಡುಗಿ ಶಾಲೆ ಕಳೆದುಕೊಂಡಳು. ಅಣ್ಣನ ಮೇಲೆ ಕೇಸುಗಳು ಬಿದ್ದವು. 1993ರ ಡಿಸೆಂಬರಿನಲ್ಲಿ ಅವಳು ಜೀವ ಕಳೆದುಕೊಂಡಳು. ತೀರ್ಪು ಬಂದದ್ದು 2009ರ ಡಿಸೆಂಬರಿನಲ್ಲಿ: ಆರು ತಿಂಗಳ ಸಜೆ, ಸಾವಿರ ರೂಪಾಯಿ ದಂಡ! 2010ರಲ್ಲಿ ಅದು 18 ತಿಂಗಳಿಗೆ ಏರಿತು. 2016ರಲ್ಲಿ ಸುಪ್ರೀಂ ಕೋರ್ಟು ಅಪರಾಧವನ್ನು ಎತ್ತಿಹಿಡಿದು, ಅನುಭವಿಸಿದ ಸಜೆಯೇ ಸಾಕು ಎಂದಿತು.

2023ರ ಜನವರಿಯಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಪಟುಗಳೇ ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತರು. ಆರೋಪ ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ. ಅವರು ಅದನ್ನು ಅಲ್ಲಗಳೆದರು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲಷ್ಟೇ ಏಪ್ರಿಲಿನಲ್ಲಿ ಎಫ್‌ಐಆರ್ ಆಯಿತು. 2024ರ ಮೇನಲ್ಲಿ ಐವರು ಮಹಿಳೆಯರ ದೂರಿನ ಮೇಲೆ ನ್ಯಾಯಾಲಯ ಆರೋಪ ಹೊರಿಸಿತು. ಬಾಲಕಿಯೊಬ್ಬಳ ಹೆಸರಿನ ಪೋಕ್ಸೊ ಪ್ರಕರಣವನ್ನು 2025ರ ಮೇನಲ್ಲಿ ಮುಕ್ತಾಯ ಮಾಡಿತು. ಸರಿ ತಪ್ಪು ಕೋರ್ಟು ಹೇಳಲಿ. ಆದರೆ ಒಲಿಂಪಿಕ್ ಪದಕ ಗೆದ್ದವರೇ ಫುಟ್‌ಪಾತಿನಲ್ಲಿ ಮಲಗಬೇಕಾಯಿತು ಅಂದರೆ, ಶ್ರೀನಿವಾಸಪುರದ ಹಳ್ಳಿಯಿಂದ ಬರುವ ಖೊಖೊ ಹುಡುಗಿ ಗತಿ ಏನು?

ಕಾನೂನು ಏನು ಹೇಳುತ್ತೆ?

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕಚೇರಿ, ಕಾರ್ಖಾನೆಗೆ ಮಾತ್ರ ಅಂದುಕೊಂಡವರೇ ಹೆಚ್ಚು. ಅದರಲ್ಲಿ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯ ನಡೆಯುವ ಜಾಗ ಎಲ್ಲವೂ ಸೇರಿವೆ. ಹತ್ತು ಜನ ಕೆಲಸಗಾರರಿದ್ದರೆ ಒಳಗೇ ದೂರು ಸಮಿತಿ ಇರಬೇಕು. ಅಧ್ಯಕ್ಷತೆ ಹೆಂಗಸರದ್ದೇ, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ಹೊರಗಿನವರೂ ಒಬ್ಬರಿರಬೇಕು.

ನಮ್ಮ ಕಡೆ ಕ್ಲಬ್ಬು ಅಂದರೆ ಒಬ್ಬ ಕೋಚು, ಒಬ್ಬ ಕಾರ್ಯದರ್ಶಿ, ಒಂದು ರಸೀದಿ ಪುಸ್ತಕ. ಅಲ್ಲಿ ಹತ್ತು ಜನ ಎಲ್ಲಿ? ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ಯಜಮಾನನ ಮೇಲೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ದೂರಿಗೆ ಮೂರು ತಿಂಗಳ ವಾಯಿದೆ. ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಆ ಅಧಿಕಾರಿಯ ಹೆಸರು, ಫೋನ್ ನಂಬರು ಮೈದಾನದ ಗೇಟಿನ ಮೇಲೆ ಬರೆಸುವುದಕ್ಕೆ ಎಷ್ಟು ಬಣ್ಣ ಬೇಕು?

ಹದಿನೆಂಟು ತುಂಬದ ಮಕ್ಕಳಾದರೆ, ಗಂಡಾಗಲಿ ಹೆಣ್ಣಾಗಲಿ, 2012ರ ಪೋಕ್ಸೊ ಕಾಯ್ದೆ. ಅಲ್ಲಿ ರಾಜಿ ಪಂಚಾಯ್ತಿ ನಡೆಯಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು. ಕೈಕೆಳಗಿನವರ ತಪ್ಪು ಮುಚ್ಚಿಟ್ಟ ಸಂಸ್ಥೆ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. "ಸಂಘದ ಹೆಸರು ಕೆಡುತ್ತೆ, ಸುಮ್ನಿರಿ" ಅನ್ನುವ ಪದಾಧಿಕಾರಿಗಳು ಇದನ್ನು ಎರಡು ಸಲ ಓದಲಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಯೂನಿಫಾರಂ ಇಲ್ಲದೆ ಬಂದು ಪಡೆಯಬೇಕು. ಹೆಸರು, ಶಾಲೆ ಯಾವ ಪತ್ರಿಕೆಯೂ ಹಾಕುವಂತಿಲ್ಲ. ಠಾಣೆ ಮೆಟ್ಟಿಲು ಹತ್ತಿದರೆ ಮರ್ಯಾದೆ ಹೋಗುತ್ತೆ ಅನ್ನುವ ಹೆದರಿಕೆಗೆ ಕಾನೂನು ಕೊಟ್ಟ ಉತ್ತರ ಇದು.

ಗೋಡೆ ಒಳಗಿನ ಕಥೆ

ನಮ್ಮ ಜಿಲ್ಲೆಯಲ್ಲಿ ಇಂಥದ್ದೆಲ್ಲ ಇಲ್ಲ ಅನ್ನುವವರು 2023ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿ ಶುಚಿ ಮಾಡಲು ಇಳಿಸಿದ್ದು ರಾಜ್ಯಕ್ಕೆ ಗೊತ್ತಾದದ್ದು ವಿಡಿಯೊ ಹೊರಗೆ ಬಂದ ಮೇಲೆ. ಅದು ಕ್ರೀಡಾ ಸಂಸ್ಥೆಯಲ್ಲ, ನಿಜ. ಆದರೆ ಪಾಠ ಒಂದೇ: ಹೊರಗಿನ ಕಣ್ಣು ಬೀಳದ ಜಾಗದಲ್ಲಿ ಮಕ್ಕಳ ಬಾಯಿಗೆ ಬೀಗ.

ಹಾಗಾದರೆ ಮಾಡೋದೇನು? ಹುಡುಗಿಯರ ತಂಡ ಪರ ಊರಿಗೆ ಹೋದರೆ ಜೊತೆಗೊಬ್ಬ ಹೆಂಗಸು ಇರಲಿ. 2022ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೇ ರಾಷ್ಟ್ರೀಯ ತಂಡಗಳ ಜೊತೆ ಮಹಿಳಾ ಕೋಚ್ ಇರಬೇಕೆಂದು ಹೇಳಿದೆ. ಕೋಚು ರಾತ್ರಿ ಹೊತ್ತು ಒಬ್ಬಳಿಗೇ ಮೆಸೇಜು ಕಳಿಸುವುದು, ಒಬ್ಬಳನ್ನೇ ರೂಮಿಗೆ ಕರೆಯುವುದು ಬೇಡ. ಹೇಳುವುದಿದ್ದರೆ ಅಪ್ಪ ಅಮ್ಮ ಇರುವ ಗುಂಪಿಗೆ ಹೇಳಲಿ. ಮಕ್ಕಳಿಗೆ 1098 ಬಾಯಿಪಾಠ ಆಗಲಿ. ಟೂರ್ನಮೆಂಟಿಗೆ ಕಪ್ಪು, ಬ್ಯಾನರು ಕೊಡಿಸುವ ಅಂಗಡಿಯವರು ಚಂದಾ ಕೊಡುವ ಮುಂಚೆ ಒಂದು ಮಾತು ಕೇಳಲಿ: "ಏನಣ್ಣ, ನಿಮ್ಮಲ್ಲಿ ಮಕ್ಕಳ ದೂರು ಕೇಳೋರು ಯಾರು?"

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರ ಮತ್ತು ಮಕ್ಕಳ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿ ಬೇಕೆನ್ನುತ್ತದೆ. ದೆಹಲಿಯ ಕಾಗದ ಮುಳಬಾಗಿಲಿನ ಮೈದಾನ ಮುಟ್ಟುವುದು ಯಾವಾಗ? ದೂರಿನ ಪೆಟ್ಟಿಗೆ ತೂಗುಹಾಕಿದರೆ ಸಾಲದು, ಅದರ ಬೀಗದ ಕೈ ಕೋಚಿನ ಸೊಂಟದಲ್ಲಿ ಇರಬಾರದು. ಜಿಲ್ಲೆಯ ಕ್ರೀಡಾ ಸಂಘಗಳ ಪದಾಧಿಕಾರಿಗಳು ಉತ್ತರ ಕೊಡುವರೆ?