ಅಂಬುತೀರ್ಥದಿಂದ ಅಳಿವೆಯವರೆಗೆ

ನದಿಗೂ ಮನುಷ್ಯನಂತೆಯೇ ಬಾಲ್ಯ, ಯೌವನ, ಮುಪ್ಪು ಎಂಬ ಮೂರು ಅವಸ್ಥೆಗಳುಂಟೆಂದು ಶಾಲೆಯ ಭೂಗೋಳದಲ್ಲಿ ನಾವೆಲ್ಲರೂ ಓದಿದ್ದೇವೆ. ಹುಟ್ಟಿದೆಡೆಯಲ್ಲಿ ಕಡಿದಾದ ಇಳಿಜಾರು, ಇಕ್ಕಟ್ಟಾದ ಕಣಿವೆ. ನಡುದಾರಿಯಲ್ಲಿ ಹರವಾದ ಪಾತ್ರ, ಬಳಸುಹಾದಿ. ಕಡಲ ಸಮೀಪದಲ್ಲಿ ಮಂದಗಮನ, ಹೂಳು. ಗಂಗೆ ಗೋದಾವರಿಯರಿಗೆ ಈ ಮಾತು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಈ ಪಾಠವನ್ನು ಹಿಡಿದುಕೊಂಡು ಹೊನ್ನಾವರದ ಶರಾವತಿಯನ್ನು ನೋಡಲು ಹೊರಟವನಿಗೆ ಅಚ್ಚರಿ ಕಾದಿರುತ್ತದೆ. ಈಕೆ ಬಾಲ್ಯದಲ್ಲಿ ಸೌಮ್ಯೆ, ನಡುಪ್ರಾಯದಲ್ಲಿ ರುದ್ರೆ. ಮುಪ್ಪಾದರೋ ಒಮ್ಮೆಲೇ ಬಂದೆರಗುತ್ತದೆ.

ಶರಾವತಿಯ ಹುಟ್ಟು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಶ್ರೀರಾಮನು ಅಂಬನ್ನೆಸೆದಾಗ ನೀರು ಚಿಮ್ಮಿತೆಂಬುದು ಸ್ಥಳಪುರಾಣ. ಅದೇ ತಾಲೂಕಿನಲ್ಲಿ ತುಂಗೆಯೂ ಹರಿಯುತ್ತಾಳೆ. ಅಲ್ಲಿ ಬಿದ್ದ ಮಳೆಯ ಹನಿಗಳಿಗೆ ಎರಡು ಹಣೆಬರಹ. ತುಂಗೆಯ ಕಡೆಗೆ ಜಾರಿದ ಹನಿ ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ, ದಖ್ಖನ್ ಪ್ರಸ್ಥಭೂಮಿಯನ್ನು ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟಬೇಕು. ಶರಾವತಿಗೆ ಬಿದ್ದ ಹನಿಗಾದರೋ ಒಟ್ಟು ದಾರಿಯೇ ಸುಮಾರು ೧೨೮ ಕಿಲೋಮೀಟರು. ಇಳಿಯಬೇಕಾದ ಎತ್ತರ ದೊಡ್ಡದು, ದಾರಿ ಸಣ್ಣದು. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳ ರಭಸದ ಗುಟ್ಟೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಜೋಗದ ಲೆಕ್ಕ

ನೀರಿನ ಶಕ್ತಿ ಎರಡರಿಂದ ಹುಟ್ಟುತ್ತದೆ: ನೀರಿನ ತೂಕ ಮತ್ತು ಅದು ಇಳಿಯುವ ಎತ್ತರ. ಘಟ್ಟದ ಮೇಲೆ ಶರಾವತಿ ಆತುರವಿಲ್ಲದೆ ಹರಿಯುತ್ತಾಳೆ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಆಕೆಯನ್ನು ತಡೆದು ನಿಲ್ಲಿಸಿದ್ದು ಅಲ್ಲಿಯೇ. ಆ ಜಲಾಶಯದ ಪೂರ್ಣ ಮಟ್ಟ ಸಮುದ್ರಕ್ಕಿಂತ ೧೮೧೯ ಅಡಿ ಮೇಲೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಪ್ರಸ್ಥಭೂಮಿಯ ಅಂಚು ಮುಗಿದು, ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ನದಿ ೮೩೦ ಅಡಿ, ಅಂದರೆ ೨೫೩ ಮೀಟರು, ಧುಮುಕುತ್ತದೆ. ಸಾವಿರ ಲೀಟರು ನೀರು ಅಷ್ಟು ಎತ್ತರದಿಂದ ಬಿದ್ದರೆ ಅದರಲ್ಲಿರುವ ಶಕ್ತಿ ನಮ್ಮ ಮನೆಯ ಮೀಟರಿನ ಒಂದು ಯೂನಿಟ್ಟಿನ ಹತ್ತರಲ್ಲಿ ಏಳು ಪಾಲು. ಮಳೆಗಾಲದಲ್ಲಿ ಬೀಳುವ ನೀರಿನ ರಾಶಿಯನ್ನು ನೆನೆದರೆ, ವಿದ್ಯುತ್ತಿಗಾಗಿ ಮನುಷ್ಯ ಇಲ್ಲಿಗೇ ಏಕೆ ಬಂದನೆಂಬುದು ತಿಳಿಯುತ್ತದೆ. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ ೧೯೪೮ರಲ್ಲಿ ಆರಂಭವಾಯಿತು; ಅನಂತರ ಬಂದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ೧೦೩೫ ಮೆಗಾವಾಟ್. ಘಟ್ಟದ ಬುಡದ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, ಇನ್ನೂ ೨೪೦ ಮೆಗಾವಾಟ್.

ವಿದ್ಯುತ್ತನ್ನು ಮನುಷ್ಯ ಪಡೆಯುವ ಮೊದಲೂ ಈ ಶಕ್ತಿ ಸುಮ್ಮನಿರಲಿಲ್ಲ. ಬಂಡೆಯನ್ನು ಕೊರೆಯಿತು, ಕಣಿವೆಯನ್ನು ಕಡೆಯಿತು, ಕಲ್ಲನ್ನು ಉರುಳಿಸಿ ಮರಳು ಮಾಡಿತು. ಹೊಳೆಯ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಲ್ಲ, ೬೪ ಮಡಿಯಾಗುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ಬೇಸಗೆಯಲ್ಲಿ ಕಾಲು ತೊಯ್ಯುವಷ್ಟೇ ಇದ್ದ ಹೊಳೆ ಆಷಾಢದಲ್ಲಿ ಆನೆಗಾತ್ರದ ಬಂಡೆಯನ್ನು ಕದಲಿಸುವುದು ಹೀಗೆ.

ಹಠಾತ್ತಾಗಿ ಬಂದ ಮುಪ್ಪು

ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಸುಮಾರು ೩೦ ಕಿಲೋಮೀಟರು. ಇಲ್ಲಿ ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ಗರ್ಜಿಸುತ್ತ ಬಂದ ನದಿ ತೆಂಗು ಅಡಕೆಯ ತೋಟಗಳ ನಡುವೆ ಕೆರೆಯಂತೆ ಹರಡಿಕೊಳ್ಳುತ್ತದೆ. ಈ ಶಾಂತ ನೀರೇ ಹಿಂದೆ ರಾಜಮಾರ್ಗವಾಗಿತ್ತು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಹೊರಟಾಗ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿಯೇ ಬಂದನು. ಮೆಣಸಿನ ವ್ಯಾಪಾರಕ್ಕೆ ಹೆಸರಾದ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪೆ ಘಟ್ಟದ ಬುಡದಲ್ಲಿ ಬೆಳೆದುದು ಕಾರಣವಿಲ್ಲದೆ ಅಲ್ಲ. ಘಟ್ಟದ ಸರಕಿಗೆ ನೀರಿನ ದಾರಿ ಅಲ್ಲಿಂದಲೇ ಸುಗಮ.

ವೇಗ ಕುಂದಿದೊಡನೆ ನದಿ ಹೊತ್ತು ತಂದುದನ್ನು ಇಳಿಸುತ್ತದೆ. ಮೊದಲು ಕಲ್ಲು, ಆಮೇಲೆ ಮರಳು, ಕಟ್ಟಕಡೆಗೆ ನವುರಾದ ಕೆಸರು. ನದಿಯ ನಡುವಿನ ಮಾವಿನಕುರ್ವೆಯಂತಹ ನಡುಗಡ್ಡೆಗಳು ಹೊಳೆ ಇಳಿಸಿದ ಹೊರೆಯ ಮೇಲೆಯೇ ನಿಂತಿವೆ. ಅಳಿವೆಯಲ್ಲಿ ನದಿ ಹೊರಗೆ ತಳ್ಳಿದ ಮರಳನ್ನು ಅಲೆಗಳು ಒಳಕ್ಕೆ ತಳ್ಳುತ್ತವೆ. ಈ ಮಲ್ಲಯುದ್ಧದಲ್ಲಿ ಎದ್ದ ಮರಳದಿಬ್ಬವನ್ನು ತಪ್ಪಿಸಿ ದೋಣಿಯನ್ನು ದಾಟಿಸುವುದು ಮೀನುಗಾರರಿಗೆ ನಿತ್ಯದ ಪರೀಕ್ಷೆ.

ಭಟ್ಕಳದ ವೆಂಕಟಾಪುರ ಹೊಳೆಯಲ್ಲಿ ಇದೇ ಕಥೆ ಇನ್ನೂ ಅಡಕವಾಗಿದೆ. ಅಲ್ಲಿ ಘಟ್ಟಕ್ಕೂ ಕಡಲಿಗೂ ಇರುವ ಅಂತರವೇ ಸ್ವಲ್ಪ. ಬೆಟ್ಟದ ಝರಿಯು ನೋಡನೋಡುತ್ತ ಹೊಳೆಯಾಗಿ ಶಿರಾಲಿಯ ಬಳಿ ಉಪ್ಪುನೀರನ್ನು ಕೂಡುತ್ತದೆ. ಅಲ್ಲಿಯ ಮೀನುಗಾರರ ಊರಿನ ಹೆಸರೇ ಅಳ್ವೆಕೋಡಿ.

ಎರಡು ಅಳಿವೆಗಳು

ಇನ್ನು ಕುಮಟೆಯ ಅಘನಾಶಿನಿಯನ್ನು ನೋಡಿರಿ. ಶಿರಸಿಯ ಕಡೆಯಿಂದ ಬರುವ ಈಕೆಯೂ ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕುವವಳೇ. ಆದರೆ ಈಕೆಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ಅಳಿವೆಯನ್ನು ತುಂಬುತ್ತದೆ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಭರತದೊಡನೆ ಉಪ್ಪುನೀರು ಒಳನುಗ್ಗುತ್ತದೆ. ಈ ಏರಿಳಿತವೇ ಅಲ್ಲಿಯವರ ಜೀವನಾಧಾರ. ಉಪ್ಪನ್ನು ಸಹಿಸುವ ಕಗ್ಗ ಭತ್ತ ಬೆಳೆಯುವುದು ಗಜನಿ ಗದ್ದೆಗಳಲ್ಲಿ. ಇಳಿತದ ವೇಳೆ ಹೆಂಗಸರು ಬಳಚು ಆರಿಸಿ ತರುವುದು ಈ ಕೆಸರಿನಲ್ಲಿ. ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಇದೇ ಅಳಿವೆಯವು. ೨೦೨೪ರಲ್ಲಿ ಈ ಅಳಿವೆಗೆ ರಾಮ್ಸರ್ ಪಟ್ಟಿಯ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಶರಾವತಿಯ ಅಳಿವೆಯ ಹಾಡು ಬೇರೆ. ಜಲಾಶಯದ ನಿಂತ ನೀರಿನಲ್ಲಿ ಕಲ್ಲು ಮರಳು ತಳಕ್ಕೆ ಕೂರುತ್ತವೆ. ವಿದ್ಯುದಾಗಾರಗಳಿಂದ ಸಿಹಿನೀರು ಬೇಸಗೆಯಲ್ಲಿಯೂ ಬರುತ್ತಲೇ ಇರುತ್ತದೆ. ಉಪ್ಪಿನ ಅಂಶ ತಗ್ಗುತ್ತದೆ. ಎರಡು ಅಳಿವೆಗಳನ್ನು ಹೋಲಿಸಿ ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯಲ್ಲಿ ಬಳಚು ಸಮೃದ್ಧವೆಂದೂ ಶರಾವತಿಯಲ್ಲಿ ಬಹಳ ಕ್ಷೀಣಿಸಿದೆಯೆಂದೂ ಕಂಡುಕೊಂಡಿದ್ದಾರೆ. ಬುಟ್ಟಿ ಹಿಡಿದು ನೀರಿಗಿಳಿಯುವ ಹೆಂಗಸಿಗೆ ಇದು ಸಂಜೆಯ ಗಂಜಿಯ ಪ್ರಶ್ನೆ.

ಶರಾವತಿಯ ಬೆಳಕನ್ನು ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಆ ಬೆಳಕಿನಲ್ಲಿಯೇ ನಮ್ಮ ಮಕ್ಕಳು ಓದಿದ್ದಾರೆ, ಗಿರಣಿಗಳು ತಿರುಗಿವೆ. ಆದರೆ ಕಡಲಿಗೆ ಹರಿದ ನೀರು ವ್ಯರ್ಥ ಎಂಬ ಮಾತನ್ನಾಡುವ ಮುನ್ನ ಕೊಂಚ ಯೋಚಿಸಬೇಕು. ಬೆಟ್ಟದಲ್ಲಿ ಬಂಡೆಯನ್ನು ಅರೆದ ಶಕ್ತಿಯೇ ಅಳಿವೆಯಲ್ಲಿ ಗದ್ದೆಯ ಮಣ್ಣಾಗುತ್ತದೆ, ಮೀನಿನ ತೊಟ್ಟಿಲಾಗುತ್ತದೆ. ಘಟ್ಟದ ಮೇಲೆ ಯೂನಿಟ್ಟುಗಳನ್ನು ಎಣಿಸುವ ಕೈ, ಘಟ್ಟದ ಕೆಳಗಿನ ಬುಟ್ಟಿಯನ್ನೂ ಒಮ್ಮೆ ಮುಟ್ಟಿ ನೋಡಿದರೆ ಲೆಕ್ಕ ಸರಿಹೋಗುತ್ತದೆ.