ಬೇಡವಾದ ಔಷಧಕ್ಕೆ ಹಿಂದಿರುಗುವ ದಾರಿ

ಔಷಧವೊಂದರ ಹೆಚ್ಚುಗಾರಿಕೆಯೆಂದು ಎಣಿಸಲಾಗುವ ಸ್ಥಿರತೆಯೇ, ಅದು ಬೇಡವಾದ ಮೇಲೆ ತೊಡಕಾಗುತ್ತದೆ. ಕಪಾಟಿನಲ್ಲಿ ಎರಡು ಮೂರು ವರ್ಷ ಕೆಡದೆ ಉಳಿಯಲೆಂದು, ದೇಹದೊಳಗೆ ಗುರಿ ಮುಟ್ಟುವ ಮುನ್ನ ಒಡೆದುಹೋಗದಿರಲೆಂದು ರೂಪಿಸಿದ ಅಣುಗಳಲ್ಲಿ ಹಲವು, ಆಸ್ಪತ್ರೆಯ ಸಿಂಕಿನಿಂದ ಚರಂಡಿಗಿಳಿದ ಮೇಲೂ ಅದೇ ಹಟ ಹಿಡಿದಿರುತ್ತವೆ. ಮಲಮೂತ್ರಾದಿ ಕಲ್ಮಶಗಳನ್ನು ಬ್ಯಾಕ್ಟೀರಿಯಾಗಳಿಂದ ಜೀರ್ಣಿಸಲೆಂದು ಕಟ್ಟಿದ ಕೊಳಚೆನೀರಿನ ಘಟಕಗಳು ಅವುಗಳನ್ನು ಪೂರ್ತಿಯಾಗಿ ತಡೆಯಲಾರವು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಸರೋವರಕ್ಕೆ ವಿಜ್ಞಾನಿಗಳು 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಕೃತಕ ಈಸ್ಟ್ರೋಜನ್ನನ್ನು ಲೀಟರಿಗೆ ಐದಾರು ನ್ಯಾನೋಗ್ರಾಂನಷ್ಟೇ ಬೆರೆಸಿದಾಗ (ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಪಾಲು) ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣಗಳು ಮೂಡಿ, ಅಲ್ಲಿನ ಒಂದು ಸಣ್ಣ ಮೀನಿನ ಸಂತತಿ ಅಳಿವಿನ ಅಂಚಿಗೆ ಬಂದಿತ್ತು.

ನೀರಿಗೆ ಸೇರುವ ಔಷಧದಲ್ಲಿ ದೊಡ್ಡ ಪಾಲು ರೋಗಿಗಳ ಮಲಮೂತ್ರದಿಂದಲೂ, ಕೆಲವೆಡೆ ತಯಾರಿಕಾ ಕಾರ್ಖಾನೆಗಳಿಂದಲೂ ಬರುತ್ತದೆಂಬುದು ನಿಜ. ಆದರೆ ಬಳಸದೆ ಉಳಿದ ಔಷಧ ಇನ್ನೂ ಸೀಸೆಯಲ್ಲಿಯೇ ಇರುವುದರಿಂದ, ಪೂರ್ತಿಯಾಗಿ ತಡೆಯಬಹುದಾದ ಪಾಲು ಅದೊಂದೇ.

ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಅವಧಿ ಮೀರಿದ ಮತ್ತು ತಿರಸ್ಕೃತವಾದ ಔಷಧಗಳನ್ನು ಹಳದಿ ವರ್ಗಕ್ಕೆ ಸೇರಿಸಿ, ಅವುಗಳನ್ನು ತಯಾರಕರಿಗೆ ಮರಳಿಸಬೇಕು ಇಲ್ಲವೇ ದಹನಕುಲುಮೆಯಲ್ಲಿ ಸುಡಬೇಕು ಎಂದು ವಿಧಿಸುತ್ತವೆ. ಹಳದಿ ಚೀಲದ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇರಕೂಡದೆಂಬ ಕಟ್ಟಳೆಗೂ ಕಾರಣವಿದೆ: ಕ್ಲೋರಿನ್ ಇರುವ ವಸ್ತು ಉರಿದರೆ ಡಯಾಕ್ಸಿನ್ ಎಂಬ, ಬಹುಕಾಲ ಉಳಿಯುವ ವಿಷ ಹುಟ್ಟಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ಸೈಟೊಟಾಕ್ಸಿಕ್ ಔಷಧಗಳು, ಎಂದರೆ ವಿಭಜನೆಗೊಳ್ಳುವ ಜೀವಕೋಶಗಳನ್ನೇ ಕೊಲ್ಲುವಂಥವು, ಇನ್ನೂ ಕಠಿಣವಾದ ವಿಧಿಗೆ ಒಳಪಟ್ಟಿವೆ. ಸಾಮಾನ್ಯ ವೈದ್ಯಕೀಯ ಕುಲುಮೆಯ ಮೊದಲ ಕೋಣೆಗೆ 800 ಡಿಗ್ರಿ ಸೆಲ್ಸಿಯಸ್ ಸಾಕಾದರೆ, ಇವುಗಳನ್ನು ಸುಡುವುದಾದರೆ 1200 ಡಿಗ್ರಿಗೂ ಮೀರಿದ ಶಾಖ ಬೇಕು. ಅರೆಬೆಂದ ಅಣು ಹೊಗೆಯೊಡನೆ ಮತ್ತೆ ಗಾಳಿಗೆ ಸೇರಬಹುದೆಂಬ ಆತಂಕವೇ ಇದಕ್ಕೆ ಹಿನ್ನೆಲೆ.

ಕಾಗದದ ಮೇಲೆ ಸರಳವಾಗಿ ಕಾಣುವ ಈ ವ್ಯವಸ್ಥೆ ವಾರ್ಡಿನಲ್ಲಿ ಜಟಿಲವಾಗುತ್ತದೆ. ರೋಗಿ ಬಿಡುಗಡೆಯಾದಾಗ ಉಳಿದ ಮಾತ್ರೆ ನೋಡಲು ಹೊಸದರಂತಿದ್ದರೂ, ಅದು ಯಾವ ಶಾಖದಲ್ಲಿ, ಯಾರ ಕೈಯಲ್ಲಿತ್ತೆಂಬುದು ತಿಳಿಯದ ಕಾರಣ ಅದನ್ನು ಮತ್ತೊಬ್ಬರಿಗೆ ಕೊಡುವುದು ಅಪಾಯಕರ. ತುಂಡರಿಸಿದ ಸ್ಟ್ರಿಪ್ಪು, ತೆರೆದ ವಯಲ್ ಇವುಗಳನ್ನು ಸಗಟು ವಿತರಕರು ಸಾಮಾನ್ಯವಾಗಿ ವಾಪಸು ಪಡೆಯುವುದೂ ಇಲ್ಲ, ಆದ್ದರಿಂದ ಅವು ನೇರವಾಗಿ ಕುಲುಮೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಮಾರ್ಫಿನ್ನಿನಂತಹ ಮಾದಕ ನೋವುನಿವಾರಕದ ಅರ್ಧ ಉಳಿದ ಆಂಪೂಲನ್ನು ಇಬ್ಬರ ಸಾಕ್ಷಿಯಲ್ಲಿ ನಾಶಪಡಿಸಿ ದಾಖಲಿಸುವ ಪದ್ಧತಿ ಅತಿಯಾದ ಎಚ್ಚರಿಕೆಯಂತೆ ತೋರಿದರೂ, ಅಂತಹ ಔಷಧ ಕಳವಾಗದಂತೆ ಕಾಯುವುದು ಆ ಎಚ್ಚರಿಕೆಯೇ. ಅವಧಿ ಮೀರಿದ ದಾಸ್ತಾನನ್ನು ಔಷಧಾಲಯವು ಮಾರಾಟದ ಸರಕಿನಿಂದ ಬೇರ್ಪಡಿಸಿ, ಮಾರಾಟಕ್ಕಲ್ಲವೆಂದು ಎದ್ದುಕಾಣುವಂತೆ ಗುರುತು ಹಾಕಿಡಬೇಕಾದುದೂ ಇದೇ ಬಗೆಯ ಕಾವಲು, ಏಕೆಂದರೆ ಹಳೆಯ ಔಷಧ ಹೊಸ ಲೇಬಲ್ಲು ಅಂಟಿಸಿಕೊಂಡು ಮರಳಿ ಪೇಟೆ ಸೇರುವ ಸಾಧ್ಯತೆ ಕಲ್ಪನೆಯಲ್ಲ.

ಮೊದಲು ಅವಧಿ ಮುಗಿಯುವುದನ್ನೇ ಮೊದಲು ಹೊರಗೆ ಕೊಡುವ ಶಿಸ್ತು ಇದ್ದಲ್ಲಿ ಮರಳಿಸಬೇಕಾದ ರಾಶಿಯೇ ಕಿರಿದಾಗುತ್ತದೆ. ಆದರೂ ಅದು ಆಸ್ಪತ್ರೆಯ ಗೋಡೆಯೊಳಗಿನ ಮಾತು. ಚೀಟಿಯೊಡನೆ ಮನೆಗೆ ಹೋದ ಮಾತ್ರೆಗೆ ಹಿಂದಿರುಗುವ ದಾರಿ ಬೇರೆಯೇ ಬೇಕು. ಫ್ರಾನ್ಸಿನಲ್ಲಿ 1993ರಿಂದ ಸಿಕ್ಲಾಮೆಡ್ ಎಂಬ ಸಂಸ್ಥೆಯ ಮೂಲಕ ಔಷಧದಂಗಡಿಗಳೇ ಅದನ್ನು ಮರಳಿ ಪಡೆಯುತ್ತಿವೆ. ನೆರೆಯ ಕೇರಳದ ಔಷಧ ನಿಯಂತ್ರಣ ಇಲಾಖೆಯು ಮನೆಗಳಲ್ಲಿ ಉಳಿದ ಔಷಧವನ್ನು ಸಂಗ್ರಹಿಸುವ ಎನ್‌ಪ್ರೌಡ್ ಯೋಜನೆಯನ್ನು 2025ರಲ್ಲಿ ಕೋಳಿಕ್ಕೋಡಿನಿಂದ ಆರಂಭಿಸಿತು.